ಗೊಬ್ಬರಗುಂಡಿಯಲ್ಲಿ ಸಿಕ್ಕ ದಪ್ಪ ಬಿಳಿ ಹುಳುಗಳನ್ನು ಸಾಕಿ ದುಂಬಿ ಮಾಡಬಹುದಾ?

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ತೋಟಕ್ಕೆ ಗೊಬ್ಬರ ಹೊರಿಸುತ್ತಿದ್ದಾಗ ಗುಂಡಿಯ ತಳದಲ್ಲಿ, ಚೆನ್ನಾಗಿ ಕಳಿತು ಕಪ್ಪಾದ ಪದರದಲ್ಲಿ, ದಪ್ಪ ದಪ್ಪ ಬಿಳಿ ಹುಳುಗಳು ರಾಶಿ ಸಿಕ್ಕವು. ಕೆಲವು ನನ್ನ ಹೆಬ್ಬೆರಳಿಗಿಂತ ದಪ್ಪ ಇವೆ. ತಲೆ ಕಂದು, ಮೈ ಬಿಳಿ, ಹಿಂಭಾಗ ಮಾತ್ರ ಬೂದು. ಹೊಟ್ಟೆಯೊಳಗಿನ ಗೊಬ್ಬರ ಚರ್ಮದ ಮೂಲಕವೇ ಕಾಣುತ್ತೆ. ಮುಟ್ಟಿದರೆ ಮುದುಡಿಕೊಂಡು ಮಗ್ಗುಲಾಗಿ ಮಲಗಿಬಿಡುತ್ತವೆ.

ಮಗ ಐದನೇ ಕ್ಲಾಸು. ಅವನಿಗೆ ದುಂಬಿ ಅಂದರೆ ಊಟ ತಿಂಡಿ ಬೇಡ. ಜಪಾನಿನ ಮಕ್ಕಳು ಕೊಂಬಿನ ದುಂಬಿಗಳನ್ನು ಮನೆಯಲ್ಲಿ ಸಾಕುವ ವಿಡಿಯೋ ನೋಡಿ ನೋಡಿ, ಈಗ ಐದಾರು ಹುಳುಗಳನ್ನು ಹಾರ್ಲಿಕ್ಸ್ ಬಾಟಲಿಗೆ ಗೊಬ್ಬರದ ಸಮೇತ ಹಾಕಿ ಮಂಚದ ಕೆಳಗೆ ಇಟ್ಟುಕೊಂಡಿದ್ದಾನೆ. ನಮ್ಮ ಮಾವನವರು "ಅವು ತೆಂಗಿನ ಸುಳಿ ತಿನ್ನೋ ಹುಳ, ಕೋಳಿಗೆ ಹಾಕು" ಅಂತಾರೆ. ಮಗ ಅಳ್ತಾನೆ.

ತಿಳಿದವರು ಹೇಳಿ. ಇವು ಯಾವ ದುಂಬಿಯ ಮರಿ? ದುಂಬಿ ಆಗೋವರೆಗೂ ಸಾಕೋದಕ್ಕೆ ಆಗುತ್ತಾ? ಇನ್ನೊಂದು ವಿಷಯ, ಜಗಲಿ ಲೈಟಿನ ಕೆಳಗೆ ಬೆಳಿಗ್ಗೆ ಸತ್ತು ಬಿದ್ದ ದುಂಬಿಗಳನ್ನೂ ಅವನು ಒಂದು ಸ್ವೀಟ್ ಬಾಕ್ಸಲ್ಲಿ ಕೂಡಿ ಇಟ್ಟಿದ್ದಾನೆ. ಒಂದಕ್ಕೆ ತಲೆ ಮೇಲೊಂದು, ಬೆನ್ನ ಮೇಲೊಂದು ಕೊಂಬು, ಎರಡೂ ತುದಿಯಲ್ಲಿ ಕವಲು. ಮತ್ತೊಂದಕ್ಕೆ ಮೈಗಿಂತ ಉದ್ದದ ಮೀಸೆ. ಇವನ್ನು ಹಾಳಾಗದ ಹಾಗೆ ಇಡೋದು ಹೇಗೆ? ಇಡಬಹುದಾ, ಕಾನೂನಿನ ತೊಂದರೆ ಏನಾದರೂ ಇದೆಯಾ?

ಕಲ್ಪತರು_ತೋಟ, ತಿಪಟೂರು

ಸ್ವಾಮಿ, ನಿಮ್ಮ ಮಾವನವರು ಹೇಳಿದ್ದೇ ಸರಿ. ಅದು ರೈನೋಸಿರಸ್ ದುಂಬಿ ಮರಿ. ಹೊಸ ಗರಿ ಬಿಚ್ಚಿಕೊಂಡಾಗ ಕತ್ತರಿಯಲ್ಲಿ ಅಡ್ಡಡ್ಡ ಕತ್ತರಿಸಿದಂತೆ ಕಂಡರೆ ಅದು ಇದೇ ದುಂಬಿಯ ಕೆಲಸ. ಗರಿ ಇನ್ನೂ ಸುಳಿಯೊಳಗೆ ಮಡಚಿಕೊಂಡಿದ್ದಾಗಲೇ ಅಡ್ಡ ಕೊರೆದಿರುತ್ತೆ, ಬಿಚ್ಚಿದ ಮೇಲೆ ನಮಗೆ ಕಾಣುತ್ತೆ. ದೊಡ್ಡ ಮರ ತಡೆದುಕೊಳ್ಳುತ್ತೆ. ಎರಡು ಮೂರು ವರ್ಷದ ಸಸಿಯ ಸುಳಿಗೆ ಹೋದರೆ ಸಸಿಯೇ ಹೋಯ್ತು. ಅದು ಮಾಡಿದ ತೂತಿನ ವಾಸನೆ ಹಿಡಿದು ಕೆಂಪು ಮೂತಿ ಹುಳ ಬೇರೆ ಬರುತ್ತೆ, ಅದು ಬಂದರೆ ಮರ ಉಳಿಯೋದು ಕಷ್ಟ.

ನಾವು ಗುಂಡಿಗೆ ಮೆಟರೈಜಿಯಂ ಶಿಲೀಂಧ್ರದ ಪುಡಿ ನೀರಲ್ಲಿ ಕಲಸಿ ಹುಯ್ತೀವಿ, ಮರಿಗಳು ಹಸಿರು ಬೂಷ್ಟು ಹಿಡಿದು ಗಟ್ಟಿಯಾಗಿ ಸಾಯ್ತವೆ. ಎಳೆ ಸಸಿಗಳ ಮೇಲಿನ ಎರಡು ಮೂರು ಗರಿಯ ಕಂಕುಳಿಗೆ ಬೇವಿನ ಹಿಂಡಿ, ಮರಳು ಸಮ ಬೆರೆಸಿ ತುಂಬ್ತೀವಿ. ಒಳಗೆ ಹೊಕ್ಕ ದುಂಬಿಯನ್ನು ಕಬ್ಬಿಣದ ಕೊಕ್ಕೆ ಹಾಕಿ ಎಳೀತೀವಿ. ಮಗುವಿನ ಆಸೆ ಅರ್ಥ ಆಗುತ್ತೆ, ಆದರೆ ಸಾಕಿ ಬಿಟ್ಟರೆ ಅನುಭವಿಸೋದು ಅಕ್ಕಪಕ್ಕದ ತೋಟದವರು.

ಸುಳ್ಯದ_ಟೀಚರ್

ತಿಪಟೂರಿನವರು ಹೇಳಿದ ತೊಂದರೆ ನಿಜ. ನಮ್ಮ ಕಡೆ ಇದಕ್ಕೆ ಕುರುವಾಯಿ ಅನ್ನುತ್ತೇವೆ. ಗೊಬ್ಬರಗುಂಡಿಯಲ್ಲಿ ಹೆಚ್ಚಾಗಿ ಸಿಗುವುದೂ ಅದೇ. ಆದರೆ ಗುಂಡಿಯಲ್ಲಿರುವ ಬಿಳಿ ಹುಳುಗಳೆಲ್ಲ ಕುರುವಾಯಿ ಅಲ್ಲ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ಕಾಲದಿಂದಲೂ ಮಕ್ಕಳ ಜೊತೆ ಇವುಗಳನ್ನು ಸಾಕಿಕೊಂಡು ಬಂದವಳು, ನಿವೃತ್ತಿಯ ಮೇಲೂ ಬಿಟ್ಟಿಲ್ಲ. ಕೋಳಿಗೆ ಹಾಕುವ ಮೊದಲು ಯಾವುದು ಯಾವುದೆಂದು ಮಗನೇ ವಿಂಗಡಿಸಲಿ. ಅವನಿಗೆ ಅದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಹುಳು ಸಿಕ್ಕಾಗ ನಾನು ಮೊದಲು ನೋಡುವುದು ಅದು ಯಾವುದರಲ್ಲಿ ಇತ್ತು ಎಂದು. ಗೊಬ್ಬರ, ಕೊಳೆತ ತೆಂಗಿನ ಕಾಂಡ, ಲಡ್ಡಾದ ಮರದ ಪೊಟರೆ ಇವುಗಳಲ್ಲಿದ್ದರೆ ಅದು ಕೊಳೆತದ್ದನ್ನು ತಿನ್ನುವ ಜಾತಿ. ಅಡಿಕೆ ಬುಡದ ಮಣ್ಣಿನಲ್ಲಿ ಬೇರಿನ ಪಕ್ಕ ಸಿಕ್ಕಿದರೆ ಅದು ಬೇರು ಹುಳು, ಜೀವಂತ ಬೇರೇ ಬೇಕು ಅದಕ್ಕೆ, ಡಬ್ಬಿಯಲ್ಲಿ ಗೊಬ್ಬರ ಹಾಕಿ ಸಾಕಲಿಕ್ಕೆ ಆಗುವುದಿಲ್ಲ. ಅದನ್ನು ಸಾಕಬೇಕೆಂದು ಹೊರಡಲೂ ಬೇಡಿ.

ಇನ್ನು ತಟ್ಟೆಯ ಪರೀಕ್ಷೆ. ಹುಳುಗಳನ್ನು ಒಂದೊಂದಾಗಿ ಚಪ್ಪಟೆ ತಟ್ಟೆಯ ಮೇಲೆ ಬಿಟ್ಟು ಸುಮ್ಮನೆ ಕಾಯಿರಿ. ಕುರುವಾಯಿಯ ಮರಿ ಮಗ್ಗುಲಾಗಿ ಬಿದ್ದುಕೊಂಡು ಒದ್ದಾಡುತ್ತದೆ. ಹೂ ದುಂಬಿಯ ಮರಿ ಹಾಗಲ್ಲ. ಅಂಗಾತ ತಿರುಗಿ, ಕಾಲುಗಳನ್ನು ಮೇಲೆ ಮಾಡಿ, ಬೆನ್ನಿನ ರೋಮಗಳನ್ನೇ ಊರಿಕೊಂಡು ಸರಸರ ಹೋಗುತ್ತದೆ! ಅದಕ್ಕೆ ಆರು ಕಾಲು ಉಂಟು, ಆದರೆ ನಡೆಯುವುದು ಬೆನ್ನಿನಲ್ಲಿ. ಮಕ್ಕಳಿಗೆ ಇದನ್ನು ತೋರಿಸಿದಾಗ ಕ್ಲಾಸಿನಲ್ಲಿ ಒಬ್ಬರೂ ಕುಳಿತಲ್ಲಿ ಕುಳಿತಿರುತ್ತಿರಲಿಲ್ಲ. ಹೂ ದುಂಬಿಯ ಮರಿಗೆ ಮೈ ದಪ್ಪ, ತಲೆ ಚಿಕ್ಕದು. ಅದು ತೆಂಗಿನ ಸುಳಿಗೆ ಹೋಗುವ ಜಾತಿಯೇ ಅಲ್ಲ. ನಿಮ್ಮ ಮಗ ಧೈರ್ಯವಾಗಿ ಸಾಕಬಹುದು.

ಮೂರನೆಯದೂ ಒಂದಿರಬಹುದು. ಜಗಲಿಯಲ್ಲಿ ಸಿಕ್ಕಿದ ಎರಡು ಕವಲುಕೊಂಬಿನ ದುಂಬಿ ಹೇಳಿದಿರಲ್ಲ, ಅದು ಕ್ಸೈಲೋಟ್ರುಪಿಸ್ ಎಂಬ ಕುಲದ್ದು, ಗಂಡು. ಅದರ ಮರಿಯೂ ಕೊಳೆತ ಮರ, ಗೊಬ್ಬರ ತಿಂದೇ ಬೆಳೆಯುವುದು. ಮರಿಯಾಗಿದ್ದಾಗ ಕುರುವಾಯಿಗೂ ಅದಕ್ಕೂ ವ್ಯತ್ಯಾಸ ಹಿಡಿಯುವುದು ಮನೆಯಲ್ಲಿ ಕಷ್ಟ, ದುಂಬಿಯಾಗಿ ಹೊರಬಂದಾಗಲೇ ಗೊತ್ತಾಗುವುದು. ಕುರುವಾಯಿಗೆ ತಲೆಯ ಮೇಲೆ ಹಿಂದಕ್ಕೆ ಬಾಗಿದ ಒಂದೇ ಕೊಂಬು, ಕವಲಿಲ್ಲ. ಗಂಡಿನ ಕೊಂಬು ಉದ್ದ, ಹೆಣ್ಣಿನದು ಗಿಡ್ಡ ಎನ್ನುತ್ತಾರೆ. ಮರಿಯಾಗಿದ್ದಾಗ ಹೊಟ್ಟೆಗೆ ಸರಿ ಸಿಗದ ಗಂಡಿನ ಕೊಂಬೂ ಗಿಡ್ಡವೇ ಇರುತ್ತದೆ. ಹಾಗಾಗಿ ನಾನು ತಿರುಗಿಸಿ ಬಾಲದ ತುದಿ ನೋಡುತ್ತೇನೆ. ಅಲ್ಲಿ ಕೆಂಗಂದು ರೋಮದ ದಟ್ಟ ಗೊಂಚಲಿದ್ದರೆ ಹೆಣ್ಣು, ನುಣುಪಾಗಿ ಹೊಳೆಯುತ್ತಿದ್ದರೆ ಗಂಡು.

ಸಾಕುವ ರೀತಿ. ಹಾರ್ಲಿಕ್ಸ್ ಬಾಟಲಿಯಿಂದ ಇವತ್ತೇ ಬಿಡಿಸಿ. ಹತ್ತು ಹದಿನೈದು ಲೀಟರಿನ ಬಕೆಟ್ಟು ಬೇಕು, ಬಿಗಿಯಾದ ಮುಚ್ಚಳ, ಮುಚ್ಚಳಕ್ಕೆ ಸೂಜಿಯಲ್ಲಿ ಸಣ್ಣ ತೂತುಗಳು. ಒಳಗೆ ಹುಳು ಸಿಕ್ಕಿದ ಗುಂಡಿಯದ್ದೇ ಗೊಬ್ಬರ ತುಂಬಿಸಿ. ಹಸಿ ಸೆಗಣಿ ಖಂಡಿತ ಬೇಡ, ಅದು ಕೊಳೆಯುವಾಗ ಬಿಸಿಯೇರುತ್ತದೆ, ಹುಳು ಬೇಯುತ್ತದೆ. ಕೈಯಲ್ಲಿ ಒತ್ತಿದರೆ ರಾಗಿಮುದ್ದೆಯ ಹಾಗೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಅಷ್ಟು ತೇವ ಸಾಕು. ಪೂರ್ತಿ ಲಡ್ಡಾಗಿ ಪುಡಿಯಾಗುವ ತೆಂಗಿನ ಕಾಂಡದ ಚೂರು ಸಿಕ್ಕಿದರೆ ಬೆರೆಸಿ. ಬಕೆಟ್ಟಿಗೆ ನಾಲ್ಕು ಹುಳಕ್ಕಿಂತ ಹೆಚ್ಚು ಬೇಡ. ಒತ್ತೊತ್ತಾಗಿದ್ದರೆ ಒಂದನ್ನೊಂದು ಕಚ್ಚುತ್ತವೆ, ಆ ಗಾಯ ಕಪ್ಪಗಾಗಿ ಸಾಯುತ್ತವೆ.

ಮೇಲ್ಭಾಗದಲ್ಲಿ ಕರಿ ಹಿಕ್ಕೆ, ಕಾಳಿನ ಗಾತ್ರದ್ದು, ತುಂಬಿಕೊಂಡರೆ ಜರಡಿ ಹಿಡಿದು ತೆಗೆದು ಹೊಸ ಗೊಬ್ಬರ ಹಾಕಿ. ಅಷ್ಟೇ ಕೆಲಸ. ದಿನಾ ಅಗೆದು ನೋಡಬಾರದು ಎಂಬುದನ್ನು ಮಗನಿಗೆ ಹೇಳುವುದೇ ಇದರಲ್ಲಿ ಕಷ್ಟದ ಭಾಗ.

ಕುರುವಾಯಿ ಮರಿ ಎರಡು ಸಲ ಪೊರೆ ಬಿಟ್ಟು ಮೂರನೆಯ ಹಂತಕ್ಕೆ ಬರುತ್ತದೆ. ನಿಮ್ಮ ಹೆಬ್ಬೆರಳು ದಪ್ಪದವು ಆ ಹಂತದವು. ಮೊಟ್ಟೆಯೊಡೆದಾಗಿನಿಂದ ಗೂಡು ಕಟ್ಟುವವರೆಗೆ ಆಹಾರ, ಬಿಸಿ ನೋಡಿಕೊಂಡು ಸುಮಾರು 80ರಿಂದ 200 ದಿನ. ಕೊನೆಕೊನೆಗೆ ಮೈ ಹಳದಿಯಾಗುತ್ತದೆ, ಹೊಟ್ಟೆ ಖಾಲಿಯಾಗುತ್ತದೆ, ಚರ್ಮ ಸುಕ್ಕುಗಟ್ಟುತ್ತದೆ. ಸಾಯುತ್ತಿದೆ ಎಂದು ಹೆದರಿ ಎಸೆಯುವವರು ಇದ್ದಾರೆ. ಅದು ಸಾಯುವುದಲ್ಲ, ತಳದಲ್ಲಿ ಮೊಟ್ಟೆಯಾಕಾರದ ಗೂಡು ಮಾಡಿಕೊಂಡು ಕೋಶವಾಗಲು ಹೊರಟದ್ದು. ಕೋಶಾವಸ್ಥೆ ಮೂರು ನಾಲ್ಕು ವಾರ. ಗಂಡಾದರೆ ಕೋಶದಲ್ಲೇ ಕೊಂಬಿನ ಆಕಾರ ಸ್ಪಷ್ಟ ಕಾಣುತ್ತದೆ. ದುಂಬಿಯಾದ ಮೇಲೂ ಕೂಡಲೇ ಬರುವುದಿಲ್ಲ. ರೆಕ್ಕೆಯ ಕವಚ ಮೊದಲು ಬಿಳಿ, ಆಮೇಲೆ ಕೆಂಪು, ಆಮೇಲೆ ಕಪ್ಪು. ಅದು ಗಟ್ಟಿಯಾಗುವವರೆಗೆ ಎರಡು ವಾರದಷ್ಟು ಕಾಲ ಗೂಡಿನೊಳಗೇ ಕುಳಿತಿರುತ್ತದೆ. ಈ ಸಮಯದಲ್ಲಿ ಕೆದಕಿದರೆ ರೆಕ್ಕೆ ಸೊಟ್ಟಗಾಗಿ ಉಳಿದುಬಿಡುತ್ತದೆ.

ತಿಪಟೂರಿನವರಿಗೆ ಒಂದು ಮಾತು ಕೊಡುತ್ತೇನೆ. ಹೊರಬಂದದ್ದು ಕುರುವಾಯಿಯಾದರೆ ತೋಟಕ್ಕೆ ಬಿಡುವುದಿಲ್ಲ. ಒಂದೆರಡು ವಾರ ಬಾಳೆಹಣ್ಣು, ಕಬ್ಬಿನ ಚೂರು ಕೊಟ್ಟು ನೋಡಿ, ಆಮೇಲೆ ಫ್ರೀಜರು, ಆಮೇಲೆ ಸಂಗ್ರಹದ ಪೆಟ್ಟಿಗೆ. ಈ ದುಂಬಿಯ ಮೂಲ ಏಷ್ಯಾದ ನಮ್ಮ ಭಾಗವೇ. 1909ರಲ್ಲಿ ಶ್ರೀಲಂಕಾದಿಂದ ರಬ್ಬರ್ ಸಸಿಗಳ ಜೊತೆ ಸಮೋವಾ ದ್ವೀಪಕ್ಕೆ ಹೋಯಿತು. 2007ರಲ್ಲಿ ಗುವಾಮ್‌ನಲ್ಲಿ, 2013ರಲ್ಲಿ ಹವಾಯಿಯಲ್ಲಿ ಕಾಣಿಸಿಕೊಂಡಿತು. ಅಲ್ಲಿಯ ತೆಂಗಿನ ಮರಗಳ ಪಾಡು ನೋಡಿದರೆ ಬಕೆಟ್ಟಿನ ಮುಚ್ಚಳ ಎಷ್ಟು ಮುಖ್ಯ ಎಂದು ಅರ್ಥವಾಗುತ್ತದೆ.

ತುಂಗಾತೀರ, ತೀರ್ಥಹಳ್ಳಿ

ಟೀಚರ್, ತುಂಬಾ ಧನ್ಯವಾದ. ಓದಿದ ಕೂಡಲೇ ಊಟದ ತಟ್ಟೆ ತಗೊಂಡು ಕೂತ್ವಿ. ಮಾವನವರೂ ಬಂದು ನೋಡಿದರು. ಎರಡು ಹುಳು ನಿಜಕ್ಕೂ ಅಂಗಾತವಾಗಿ, ಬೆನ್ನ ಮೇಲೇ ತಟ್ಟೆಯ ಅಂಚಿನವರೆಗೂ ಹೋದವು! ಉಳಿದವು ಮಗ್ಗುಲಾಗಿ ಒದ್ದಾಡಿದವು. ಬೆನ್ನಲ್ಲಿ ನಡೆಯೋ ಎರಡನ್ನು ಮಗ ಬೇರೆ ಬಕೆಟ್ಟಿಗೆ ಹಾಕಿದ್ದಾನೆ. ಮಗ್ಗುಲಾಗಿ ಬಿದ್ದವುಗಳಲ್ಲಿ ಎರಡನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಕೋಳಿಗೆ ಕೊಡೋದು ಅಂತ ತಾತ ಮೊಮ್ಮಗನ ಮಧ್ಯೆ ರಾಜಿ ಆಗಿದೆ.

ಎರಡು ಪ್ರಶ್ನೆ ಉಳಿದಿದೆ. ಹೂ ದುಂಬಿ ಮರಿಗೂ ಇದೇ ಕ್ರಮನಾ? ಸತ್ತ ದುಂಬಿಗಳನ್ನು ಇಡೋದು ಹೇಗೆ? ನಮ್ಮಲ್ಲಿ ಮಳೆಗಾಲದಲ್ಲಿ ಬಟ್ಟೆಯೇ ಒಣಗೋದಿಲ್ಲ, ಬೂಷ್ಟು ಬಿಡುತ್ತೆ.

ಜಾಲಿಗಿಡ, ಗದಗ

ನಮಸ್ಕಾರ್ರಿ. ನೀವೆಲ್ಲಾ ಕೊಂಬಿನ ದುಂಬಿ ಬಗ್ಗೆ ಹೇಳಾಕತ್ತೀರಿ, ನಮ್ಮ ಬಯಲುಸೀಮಿ ಹುಡುಗರ ದುಂಬಿ ಅಂದ್ರ ಜೀರಂಗಿ. ಮುಂಗಾರಿ ಮಳಿ ಬಿದ್ದು ಜಾಲಿ ಚಿಗತ ಮ್ಯಾಲ ಟೊಂಗಿಗೆ ಜೋತ ಬಿದ್ದಿರತಾವ. ಹಸರ, ನೀಲಿ, ಬಿಸಲಿಗೆ ಹಿಡದು ಹೊಳ್ಳಿಸಿದ್ರ ಬಣ್ಣ ಬದಲಾಗತದ. ನಾವು ಸಣ್ಣವರಿದ್ದಾಗ ಕಡ್ಡಿಪೆಟ್ಟಿಗಿಯೊಳಗ ಜಾಲಿ ಎಲಿ ಹಾಕಿ ಇಟಗೊಂಡು ಸಾಲಿಗೆ ಒಯ್ತಿದ್ವಿ. ಪೆಟ್ಟಿಗಿಯೊಳಗ ತತ್ತಿ ಇಟ್ಟರ ಅದನ್ನ ಇಡೀ ಓಣಿಗೆ ತೋರಿಸ್ತಿದ್ವಿ. ತತ್ತಿ ಒಡದು ಮರಿ ಬರತದಂತ ಕಾದದ್ದ ಬಂತು, ಒಂದೂ ಬೆಳೀಲಿಲ್ಲ.

ಟೀಚರ್, ಅದನ್ನ ಮನ್ಯಾಗ ಮರಿಯಿಂದ ಬೆಳಸಾಕ ಬರತದೇನ್ರಿ? ನನ್ನ ಮಗಳಿಗೆ ತೋರಿಸಬೇಕಂತ ಆಸೆ. ಮತ್ತ ನಮ್ಮ ಅಜ್ಜಿ ಹಳೇ ಟ್ರಂಕಿನ್ಯಾಗ ಒಂದು ಜೀರಂಗಿ ರೆಕ್ಕಿ ಸಿಕ್ಕೈತಿ, ಯಾವ ಕಾಲದ್ದೋ ಏನೋ, ಬಣ್ಣ ಇನ್ನೂ ಹಂಗ ಐತಿ. ಹೆಂಗ?

ಸುಳ್ಯದ_ಟೀಚರ್

ಗದಗದವರಿಗೆ ಮೊದಲು. ನೀವು ಹೇಳಿದ್ದು ಸ್ಟರ್ನೋಸೆರಾ ಕುಲದ ದುಂಬಿ. ಅದರ ಮರಿ ಮಣ್ಣಿನೊಳಗೆ ಬೇರು ತಿಂದು ಬೆಳೆಯುತ್ತದೆ. ಕಡ್ಡಿಪೆಟ್ಟಿಗೆಯಲ್ಲಿ ಎಲೆ ಎಷ್ಟು ಹಾಕಿದರೂ ಒಡೆದು ಬಂದ ಮರಿಗೆ ತಿನ್ನಲು ಏನೂ ಇಲ್ಲ. ದೊಡ್ಡ ದುಂಬಿಯನ್ನೇ ಮಗಳಿಗೆ ತೋರಿಸಿ. ಸೊಳ್ಳೆಪರದೆ ಬಟ್ಟೆಯ ಚೀಲ ಹೊಲಿದು, ಮರದಲ್ಲೇ ಎಲೆಯಿರುವ ಒಂದು ಟೊಂಗೆಗೆ ಕಟ್ಟಿ ಒಳಗೆ ಬಿಡಿ. ಮನೆಗೆ ತರುವುದಕ್ಕಿಂತ ಅದು ಒಳ್ಳೆಯದು, ತಾಜಾ ಎಲೆ ಸದಾ ಸಿಗುತ್ತದೆ. ದೊಡ್ಡ ದುಂಬಿಯ ಆಯುಸ್ಸು ಕೆಲವೇ ವಾರ, ನಾಲ್ಕು ದಿನ ನೋಡಿ ಬಿಟ್ಟುಬಿಡಿ. ಟ್ರಂಕಿನ ರೆಕ್ಕೆಯ ಬಣ್ಣ ಹಾಗೇ ಇರುವುದಕ್ಕೆ ಕಾರಣ, ಅದು ಬಳಿದ ಬಣ್ಣದಂತಹ ವಸ್ತುವಲ್ಲ. ಕವಚದಲ್ಲಿ ಅತಿ ತೆಳುವಾದ ಪದರಗಳು ಒಂದರ ಮೇಲೊಂದು ಇರುತ್ತವೆ, ಅವುಗಳ ನಡುವೆ ಬೆಳಕು ಪ್ರತಿಫಲಿಸಿ ಬಣ್ಣ ಹುಟ್ಟುತ್ತದೆ. ಪದರ ಕೆಡುವವರೆಗೆ ಬಣ್ಣ ಮಾಸುವುದಿಲ್ಲ. ಹಿಂದೆ ಈ ರೆಕ್ಕೆಗಳನ್ನು ಬಟ್ಟೆಯ ಕಸೂತಿಗೆ ಹೊಲಿಯುತ್ತಿದ್ದರು.

ತೀರ್ಥಹಳ್ಳಿಯವರಿಗೆ. ಹೂ ದುಂಬಿ ಮರಿಗೂ ಅದೇ ಗೊಬ್ಬರ, ಅದೇ ತೇವ. ಎಲೆ ಕೊಳೆತ ಮಣ್ಣು ಸ್ವಲ್ಪ ಹೆಚ್ಚಿಗೆ ಬೆರೆಸಿ. ವ್ಯತ್ಯಾಸ ಗೂಡಿನಲ್ಲಿ. ಅದು ಮಣ್ಣು, ಹಿಕ್ಕೆ ಸೇರಿಸಿ ಗಟ್ಟಿ ಚಿಪ್ಪಿನ ಉಂಡೆ ಕಟ್ಟುತ್ತದೆ, ಹೆಚ್ಚಾಗಿ ಬಕೆಟ್ಟಿನ ಗೋಡೆಗೆ ಅಂಟಿಸಿ. ಅದನ್ನು ಕೀಳಬಾರದು. ದುಂಬಿ ಹೊರಬಂದ ಮೇಲೆ ಅದು ಹಾರುವುದನ್ನು ಮಗ ತಪ್ಪದೆ ನೋಡಲಿ. ಬೇರೆ ದುಂಬಿಗಳು ಹಾರುವಾಗ ಮೇಲಿನ ಗಟ್ಟಿ ರೆಕ್ಕೆಗಳೆರಡನ್ನೂ ಅಗಲಿಸಿ ಎತ್ತುತ್ತವೆ. ಹೂ ದುಂಬಿ ಎತ್ತುವುದಿಲ್ಲ. ಗಟ್ಟಿ ರೆಕ್ಕೆ ಮುಚ್ಚಿಯೇ ಇರುತ್ತದೆ, ಪಕ್ಕದಲ್ಲಿರುವ ಒಂದು ಸಣ್ಣ ಕಚ್ಚಿನ ಮೂಲಕ ಒಳರೆಕ್ಕೆ ಹೊರಗೆ ಚಾಚಿ ಹಾರಿಬಿಡುತ್ತದೆ. ಕಿಟಕಿಯ ಹತ್ತಿರ, ಬೆಳಕಿಗೆ ಎದುರಾಗಿ ಹಿಡಿದರೆ ಆ ಕಚ್ಚು ಬರಿಗಣ್ಣಿಗೇ ಕಾಣುತ್ತದೆ.

ಈಗ ಸತ್ತ ದುಂಬಿಗಳು. ಮಗುವಿನ ಕೈಗೆ ವಿಷದ ಬಾಟಲಿ ಕೊಡುವುದು ಬೇಡವೇ ಬೇಡ. ದೀಪದ ಕೆಳಗೆ ಬೆಳಿಗ್ಗೆ ಸತ್ತು ಬಿದ್ದವೇ ಬೇಕಾದಷ್ಟು ಸಿಗುತ್ತವೆ. ಒಣಗಿ ಸೆಟೆದಿದ್ದರೆ ಕಾಲು ಬಿಡಿಸಲು ಹೋಗಬೇಡಿ, ಮುರಿಯುತ್ತದೆ. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಮರಳು ಹಾಕಿ, ಮೇಲೆ ಕಾಗದ ಹಾಸಿ, ಅದರ ಮೇಲೆ ದುಂಬಿ ಇಟ್ಟು ಒಂದೆರಡು ದಿನ ಬಿಟ್ಟರೆ ಕೀಲುಗಳು ಮೆತ್ತಗಾಗುತ್ತವೆ. ಆಮೇಲೆ ಪಿನ್ನು. ಬಟ್ಟೆ ಹೊಲಿಯುವ ಗುಂಡುಪಿನ್ನು ತುಕ್ಕು ಹಿಡಿದು ದುಂಬಿಯನ್ನೇ ಒಡೆಯುತ್ತದೆ. ಕೀಟಗಳಿಗೆಂದೇ ಬರುವ ಉದ್ದದ ಸ್ಟೀಲ್ ಪಿನ್ನು ತರಿಸಿಕೊಳ್ಳಿ. ಚುಚ್ಚುವುದು ನಡುವಿನಲ್ಲಲ್ಲ, ಬಲಗಡೆಯ ಗಟ್ಟಿ ರೆಕ್ಕೆಯ ಮೇಲ್ಭಾಗದಲ್ಲಿ. ಪ್ರಪಂಚದ ಎಲ್ಲಾ ಮ್ಯೂಸಿಯಂಗಳಲ್ಲೂ ಹಾಗೆಯೇ. ನಡು ಮತ್ತು ಎಡಭಾಗ ಪೂರ್ತಿಯಾಗಿ ಉಳಿಯುತ್ತದೆ, ಗುರುತಿಸುವವರಿಗೆ ಅದು ಬೇಕು. ತೀರಾ ಸಣ್ಣ ದುಂಬಿಗೆ ಪಿನ್ನು ಚುಚ್ಚಬಾರದು. ದಪ್ಪ ಕಾಗದದ ತ್ರಿಕೋನ ಚೂರಿನ ತುದಿಗೆ ಒಂದು ಹನಿ ಗೋಂದಿನಲ್ಲಿ ಅಂಟಿಸಿ, ಪಿನ್ನನ್ನು ಕಾಗದಕ್ಕೆ ಚುಚ್ಚಿ.

ಒಣಗಿಸಲಿಕ್ಕೆ ನಾನು ಮಾಡಿಕೊಂಡದ್ದು ಒಂದು ಹಳೆಯ ಮರದ ಪೆಟ್ಟಿಗೆ, ಒಳಗೆ 40 ವ್ಯಾಟಿನ ಹಳೆಯ ಮಾದರಿಯ ಬಲ್ಬು. ಎಲ್‌ಇಡಿ ಆಗುವುದಿಲ್ಲ, ಅದರಲ್ಲಿ ಅಷ್ಟು ಬಿಸಿ ಇಲ್ಲ. ಸುಳ್ಯದ ಆಟಿ ತಿಂಗಳ ಮಳೆಗೂ ಅದು ಸಾಕಾಗಿದೆ, ತೀರ್ಥಹಳ್ಳಿಗೂ ಸಾಕು. ದೊಡ್ಡ ಕುರುವಾಯಿಯಂಥವು ಒಣಗಲು ವಾರಗಟ್ಟಲೆ ಬೇಕು, ಮೈಯಿಂದ ಎಣ್ಣೆ ಜಿನುಗಿ ಕಪ್ಪಗೆ ಜಿಡ್ಡಾಗುತ್ತದೆ. ಅಸಿಟೋನಿನಲ್ಲಿ ಒಂದು ದಿನ ಮುಳುಗಿಸಿಟ್ಟರೆ ಜಿಡ್ಡು ಹೋಗುತ್ತದೆ. ಆ ಕೆಲಸ ನೀವೇ ಮಾಡಿ, ಒಲೆಯಿಂದ ದೂರ.

ಸ್ವೀಟ್ ಬಾಕ್ಸಿನ ಬದಲು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಪಿನ್ನು ನೆಡಲು ತಳಕ್ಕೆ ಪ್ಯಾಕಿಂಗಿನ ಬಿಳಿ ಫೋಮ್ ಶೀಟ್ ಹಾಕಿ. ಥರ್ಮೋಕೋಲ್ ಹಾಕಿ ಅದರ ಮೇಲೆ ನುಸಿಗುಳಿಗೆ ಇಡುವವರಿದ್ದಾರೆ. ನುಸಿಗುಳಿಗೆಯ ಆವಿಗೆ ಥರ್ಮೋಕೋಲ್ ಕರಗಿ ಪಿನ್ನಿಗೆಲ್ಲ ಅಂಟಿಕೊಳ್ಳುತ್ತದೆ. ಸಂಗ್ರಹದ ದೊಡ್ಡ ಶತ್ರುವೂ ಒಂದು ದುಂಬಿಯೇ, ಆಂಥ್ರೀನಸ್ ಎಂದು, ಎರಡು ಮೂರು ಮಿಲಿಮೀಟರ್ ಅಷ್ಟೇ. ಅದರ ರೋಮದ ಮರಿ ಸತ್ತ ದುಂಬಿಯನ್ನು ಒಳಗಿಂದ ತಿಂದು ಟೊಳ್ಳು ಮಾಡುತ್ತದೆ. ಪಿನ್ನಿನ ಬುಡದಲ್ಲಿ ಕಂದು ಹುಡಿ ಉದುರಿದ್ದು ಕಂಡರೆ ಆ ದಿನವೇ ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎರಡು ವಾರ ಫ್ರೀಜರಿನಲ್ಲಿಡಿ.

ಇದೆಲ್ಲಕ್ಕಿಂತ ನನಗೆ ಮುಖ್ಯ ಚೀಟಿ. ಪ್ರತಿ ಪಿನ್ನಿನ ಕೆಳಗೆ ಒಂದು ಪುಟ್ಟ ಚೀಟಿ ಬೇಕು: ಊರು, ತಾಲೂಕು, ತಾರೀಖು, ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು. "ಜಗಲಿ ಲೈಟು, ರಾತ್ರಿ ಮಳೆ ಬಂದಿತ್ತು" ಅಂತಿದ್ದರೂ ಸಾಕು. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಹರಡುತ್ತದೆ. ಕಾರವಾರದಲ್ಲಿದ್ದ ಅರಣ್ಯಾಧಿಕಾರಿ ಟಿ. ಆರ್. ಬೆಲ್ ನೂರು ವರ್ಷಕ್ಕೂ ಹಿಂದೆ ಉತ್ತರ ಕನ್ನಡದ ಕಾಡುಗಳಲ್ಲಿ ಹಿಡಿದ ದುಂಬಿಗಳು ಲಂಡನ್ನಿನ ಮ್ಯೂಸಿಯಂನಲ್ಲಿವೆ. ನಮ್ಮ ಘಟ್ಟದಲ್ಲಿ ಆಗ ಏನಿತ್ತು ಎಂದು ತಿಳಿಯಲು ಇವತ್ತಿಗೂ ಅವು ಬೇಕಾಗುತ್ತವೆ. ಅದು ಸಾಧ್ಯವಾದದ್ದು ಪಿನ್ನಿನ ಕೆಳಗೆ ಚೀಟಿ ಇದ್ದುದರಿಂದ. ನಿಮ್ಮ ಮಗನ ಡಬ್ಬಿಯೂ ಮೊದಲ ದಿನದಿಂದಲೇ ಹಾಗಿರಲಿ ಎಂಬುದು ನನ್ನ ಆಸೆ.

ಆ ಉದ್ದ ಮೀಸೆಯದ್ದು ಬೂದು ಮೈಯಲ್ಲಿ ಕಿತ್ತಳೆ ಅಥವಾ ಹಳದಿ ಮಚ್ಚೆ ಇದ್ದು ಎರಡು ಇಂಚಿನಷ್ಟು ಉದ್ದವಿದ್ದರೆ ಮಾವಿನ ಕಾಂಡಕೊರಕ. ಜೀವಂತ ಸಿಕ್ಕಿದಾಗ ಬೆರಳಲ್ಲಿ ಹಿಡಿದರೆ ಕಿರ್ ಕಿರ್ ಎಂದು ಶಬ್ದ ಮಾಡುತ್ತದೆ. ಅದು ಬಾಯಿಯ ಶಬ್ದವಲ್ಲ, ಕತ್ತಿನ ಭಾಗ ಆಡಿಸಿ ಉಜ್ಜುವ ಶಬ್ದ.

ಹೆಬ್ಬಾಳ_ಹಾಸ್ಟೆಲ್, ಬೆಂಗಳೂರು

ಟೀಚರ್ ಎಲ್ಲವನ್ನೂ ಹೇಳಿದ್ದಾರೆ. ಕೃಷಿ ಕೀಟಶಾಸ್ತ್ರ ಓದುತ್ತಿರುವವನಾಗಿ ಕಾನೂನಿನ ಭಾಗ ಸೇರಿಸುತ್ತೇನೆ.

ಸ್ವಂತ ಗೊಬ್ಬರಗುಂಡಿಯ ಹುಳು, ಜಗಲಿಯಲ್ಲಿ ಸತ್ತ ಕುರುವಾಯಿ ಇವುಗಳಿಗೆ ಯಾರೂ ಕೇಳಲ್ಲ, ಕೃಷಿ ಇಲಾಖೆಯೇ ಹಿಡಿದು ಕೊಲ್ಲಿ ಅನ್ನುತ್ತೆ. ಆದರೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗಿಂದ ಸತ್ತ ದುಂಬಿಯನ್ನೂ ತರಬೇಡಿ. ನಿಮ್ಮ ಕಡೆ ಕಾಡು ಎಲ್ಲಿ ಶುರುವಾಗುತ್ತೆ ಅಂತ ಮಗನಿಗೆ ಗೊತ್ತಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿ ಚಿಟ್ಟೆಗಳ ಜೊತೆ ಕೆಲವು ದುಂಬಿಗಳೂ ಇದ್ದವು. 2022ರ ತಿದ್ದುಪಡಿಯಲ್ಲಿ ಪಟ್ಟಿಗಳನ್ನು ಹೊಸದಾಗಿ ಬರೆದಿದ್ದಾರೆ, ಹಾಗಾಗಿ ಹಳೇ ಪಟ್ಟಿ ಹಿಡಿದು ಹೇಳುವವರ ಮಾತು ನಂಬಬೇಡಿ. 2008ರಲ್ಲಿ ದಾರ್ಜಿಲಿಂಗ್ ಹತ್ತಿರದ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದ ಪ್ರಕರಣದಲ್ಲಿ ಚೆಕ್ ದೇಶದ ಇಬ್ಬರು ಅನುಮತಿಯಿಲ್ಲದೆ ಕೀಟ ಹಿಡಿದಿದ್ದಕ್ಕೆ ಬಂಧನಕ್ಕೊಳಗಾದರು. ಅವರಲ್ಲಿ ಒಬ್ಬರು ದುಂಬಿ ಮರಿಗಳ ಬಗ್ಗೆ ಹೆಸರು ಮಾಡಿದ ವಿಜ್ಞಾನಿ. ಹೊರದೇಶದ ಯಾರಾದರೂ ಆನ್‌ಲೈನಲ್ಲಿ ಪರಿಚಯವಾಗಿ "ಒಂದೆರಡು ದುಂಬಿ ಪಾರ್ಸೆಲ್ ಮಾಡಿ" ಅಂದರೂ ಕಳಿಸಬಾರದು, ಅದಕ್ಕೆ 2002ರ ಜೀವವೈವಿಧ್ಯ ಕಾಯ್ದೆ ಇದೆ. ಜಪಾನ್ ದುಂಬಿ ತರಿಸುವ ಯೋಚನೆ ಇದ್ದರೂ ಬಿಟ್ಟುಬಿಡಿ. ಜೀವಂತ ಕೀಟ ತರಿಸಲು ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ನಿಯಮದಡಿ ಅನುಮತಿ ಬೇಕು, ಹವ್ಯಾಸಕ್ಕೆಂದು ಕೇಳುವ ವಿಷಯ ಅದಲ್ಲ.

ಸಾಕಲು ಇನ್ನೊಂದು ಸುಲಭದ ದುಂಬಿ ಹೇಳ್ತೀನಿ. ರಸ್ತೆ ಬದಿಯ ಕಾಂಗ್ರೆಸ್ ಗಿಡದ ಎಲೆ ತೂತು ತೂತಾಗಿದ್ದರೆ ಬಗ್ಗಿ ನೋಡಿ. ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳ ಪುಟ್ಟ ದುಂಬಿ ಇರುತ್ತೆ. ಅದು ಜೈಗೋಗ್ರಾಮಾ, ಮೆಕ್ಸಿಕೋದ್ದು. ಕಾಂಗ್ರೆಸ್ ಗಿಡ ತಿನ್ನಲಿ ಅಂತಲೇ 1983ರಲ್ಲಿ ಬೆಂಗಳೂರಿಗೆ ತಂದು, ಪರೀಕ್ಷೆ ಮಾಡಿ, 1984ರಲ್ಲಿ ಬಿಟ್ಟರು. ಮೊಟ್ಟೆಯಿಂದ ದುಂಬಿಯವರೆಗೆ ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತೆ, ಶಾಲೆಯ ಹುಡುಗನ ತಾಳ್ಮೆಗೆ ಸರಿ. ತಳದಲ್ಲಿ ಎರಡು ಇಂಚು ತೇವದ ಮಣ್ಣು ಇರಲಿ, ಕೋಶವಾಗಲು ಮಣ್ಣಿಗೆ ಇಳಿಯುತ್ತೆ. ಗಿಡ ಕೀಳುವಾಗ ಮಗನ ಕೈಗೆ ಗ್ಲೌಸ್ ಹಾಕಿಸಿ, ಕಾಂಗ್ರೆಸ್ ಗಿಡದಿಂದ ಎಷ್ಟೋ ಜನರಿಗೆ ತುರಿಕೆ, ಉಬ್ಬಸ ಬರುತ್ತೆ.

ಮುಟ್ಟಬಾರದವನ್ನೂ ಹೇಳಿಕೊಡಿ. ದಾಸವಾಳ, ಬೆಂಡೆ, ತೊಗರಿ ಹೂವಿನ ಮೇಲೆ ಕಪ್ಪು ಮೈಗೆ ಕಿತ್ತಳೆ ಪಟ್ಟಿಯ ದುಂಬಿ ಕೂತಿರುತ್ತೆ. ಅದರ ಕಾಲಿನ ಕೀಲುಗಳಿಂದ ಬರುವ ಹಳದಿ ದ್ರವ ತಾಗಿದರೆ ಗುಳ್ಳೆ ಏಳುತ್ತೆ. ದೀಪಕ್ಕೆ ಬರುವ, ಇರುವೆ ಗಾತ್ರದ, ಕಿತ್ತಳೆ ಕಪ್ಪು ಪಟ್ಟಿಯ ಉದ್ದನೆಯ ಹುಳು ಮೈಮೇಲೆ ಕೂತರೆ ಉಜ್ಜಬಾರದು, ಊದಿ ಹಾರಿಸಬೇಕು. ಅದೂ ದುಂಬಿಯೇ, ಉಜ್ಜಿದ ಜಾಗ ಸುಟ್ಟಂತೆ ಉರಿಯುತ್ತೆ. ಕಲ್ಲಿನಡಿ ಸಿಗುವ ಬಾಂಬರ್ಡಿಯರ್ ದುಂಬಿಯನ್ನು ಹಿಡಿದರೆ ಹಿಂಭಾಗದಿಂದ ಟಪ್ ಅಂತ ಕುದಿಯುವ ದ್ರವ ಹಾರಿಸುತ್ತೆ, ಬೆರಳ ಮೇಲಿನ ಕಂದು ಕಲೆ ದಿನಗಟ್ಟಲೆ ಹೋಗಲ್ಲ.

ಸಿಕ್ಕಿದ್ದನ್ನೆಲ್ಲ ಫೋಟೋ ತೆಗೆದು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್‌ಗೆ ಹಾಕಿ. ಬೆನ್ನು, ಪಕ್ಕ, ಮುಖ ಮೂರೂ ಕಡೆಯಿಂದ. ಪಕ್ಕದಲ್ಲಿ ಸ್ಕೇಲ್ ಇಡಿ.

ಕಲ್ಪತರು_ತೋಟ, ತಿಪಟೂರು

ಟೀಚರ್ ಮಾತು ಒಪ್ಪಿದೆ. ಮುಚ್ಚಳ ಭದ್ರ ಇರಲಿ. ನಮ್ಮ ಗುಂಡಿಯಲ್ಲೂ ಬೆನ್ನಲ್ಲಿ ನಡೆಯೋ ಹುಳ ಇದೆಯಾ ಅಂತ ಇವತ್ತು ತಟ್ಟೆ ಮೇಲೆ ಬಿಟ್ಟು ನೋಡಿದೆ ಸ್ವಾಮಿ, ಇದೆ. ಇಷ್ಟು ವರ್ಷ ಎಲ್ಲದನ್ನೂ ಒಂದೇ ಅಂತ ಸಾಯಿಸ್ತಿದ್ವಿ. ಹಾಗಾದರೆ ಇದನ್ನು ಗುಂಡಿಯಲ್ಲೇ ಬಿಡಬಹುದಾ?

ಸುಳ್ಯದ_ಟೀಚರ್

ಧಾರಾಳವಾಗಿ ಬಿಡಬಹುದು. ಅದು ಗೊಬ್ಬರವನ್ನು ತಿಂದು ಸಣ್ಣ ಹಿಕ್ಕೆ ಮಾಡುತ್ತದೆ, ಆ ಹಿಕ್ಕೆಯೂ ಗೊಬ್ಬರವೇ. ದುಂಬಿಯಾದ ಮೇಲೆ ಹೂವಿಗೆ, ಮಾಗಿದ ಹಣ್ಣಿಗೆ ಬರುತ್ತದೆ, ತೆಂಗಿನ ಸುಳಿಯ ತಂಟೆ ಇಲ್ಲ. ಮೆಟರೈಜಿಯಂ ಹಾಕುವ ಮೊದಲು ಸಿಕ್ಕಿದಷ್ಟನ್ನು ಆರಿಸಿ ಬೇರೆ ಗೊಬ್ಬರದ ರಾಶಿಗೆ ಹಾಕಿ, ಆ ಶಿಲೀಂಧ್ರ ಜಾತಿ ನೋಡಿ ಬಿಡುವುದಿಲ್ಲ.

ತುಂಗಾತೀರ, ತೀರ್ಥಹಳ್ಳಿ

ಟೀಚರ್, ಒಂದು ಅರ್ಜೆಂಟ್. ಮಗ್ಗುಲಾಗಿ ಬೀಳುವ ಮತ್ತೊಂದು ದೊಡ್ಡ ಹುಳು ಹುಡುಕೋಣ ಅಂತ ಗುಂಡಿ ಕೆದಕಿದಾಗ ಒಂದು ಗೂಡು ಒಡೆದುಹೋಯ್ತು. ಒಳಗೆ ಕಂದು ಬಣ್ಣದ ಕೋಶ, ಕೊಂಬಿನ ಆಕಾರ ಕಾಣ್ತಾ ಇದೆ, ಹೊಟ್ಟೆ ಅಲ್ಲಾಡಿಸುತ್ತೆ. ಏನು ಮಾಡೋದು?

ಸುಳ್ಯದ_ಟೀಚರ್

ಅಲ್ಲಾಡುತ್ತಿದ್ದರೆ ಜೀವ ಉಂಟು, ಗಾಬರಿ ಬೇಡ. ಕೈಯಲ್ಲಿ ಹಿಡಿಯಬೇಡಿ, ಚಮಚದಲ್ಲಿ ಎತ್ತಿ. ಅಗಲ ಬಾಯಿಯ ಡಬ್ಬಿಯಲ್ಲಿ ನಾಲ್ಕು ಇಂಚು ತೇವದ ಕೆಮ್ಮಣ್ಣು ಗಟ್ಟಿಯಾಗಿ ಒತ್ತಿ. ಅದರಲ್ಲಿ ಹೆಬ್ಬೆರಳಿನಿಂದ ಕೋಶಕ್ಕಿಂತ ಸ್ವಲ್ಪ ಉದ್ದ, ಸ್ವಲ್ಪ ಅಗಲದ ಕುಳಿ ಮಾಡಿ, ಗೋಡೆ ನುಣುಪಾಗುವಂತೆ ಒದ್ದೆ ಬೆರಳಿನಲ್ಲಿ ಸವರಿ. ಕೋಶವನ್ನು ಹೊಟ್ಟೆ ಮೇಲಾಗಿ, ತಲೆಯ ಕಡೆ ಸ್ವಲ್ಪ ಎತ್ತರ ಬರುವಂತೆ ಮಲಗಿಸಿ. ಅದು ತಿರುಗಿಕೊಳ್ಳಲು ಜಾಗ ಇರಬೇಕು, ಹೊರಬರುವಾಗ ಕಾಲು ಊರಲು ಗೋಡೆ ಸಿಗಬೇಕು. ಮೇಲೆ ಒದ್ದೆ ಟಿಶ್ಯೂ ಕಾಗದ ಮುಚ್ಚಿ, ಕಾಗದ ಕೋಶಕ್ಕೆ ತಾಗಬಾರದು. ಮುಚ್ಚಳ ಹಾಕಿ ಕತ್ತಲೆಯಲ್ಲಿಡಿ. ಮಂಚದ ಕೆಳಗಿನ ಜಾಗ ಇದಕ್ಕೆ ಸರಿಯಾಗಿದೆ.

ವಾರಕ್ಕೊಮ್ಮೆ ಟಿಶ್ಯೂ ಎತ್ತಿ ಮಗ ನೋಡಬಹುದು. ಕಣ್ಣು, ಕಾಲು ಮೊದಲು ಕಪ್ಪಾಗುತ್ತವೆ. ಅದಾದ ಮೇಲೆ ಹೊರಬರಲು ಹೆಚ್ಚು ದಿನ ಇಲ್ಲ. ಕೊಂಬಿಗೆ ಕವಲು ಇದೆಯೋ ಇಲ್ಲವೋ ಎಂದು ಈಗಲೇ ಒಂದು ಫೋಟೋ ತೆಗೆದು ಹಾಕಿ, ಯಾವುದೆಂದು ಇವತ್ತೇ ಹೇಳಿಬಿಡುತ್ತೇನೆ.